ನಳಿಗೆಯ ಮೇಲೆ 1942, ರಿಸೀವರ್ ಮೇಲೆ 783 ಸಾವಿರ: ಈ ಸ್ಪ್ರಿಂಗ್‌ಫೀಲ್ಡ್ ರೈಫಲ್ ಯಾವ ಕಾಲದ್ದು?

ಪ್ರಶ್ನೆ: ನಾನು ಕೊಡಗಿನವನು, ಈಗ ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ್ದೇನೆ. ನಮ್ಮ ನೆರೆಯಲ್ಲಿದ್ದ ಹಿರಿಯರು ತೀರಿಕೊಂಡ ಮೇಲೆ ಅವರ ಕುಟುಂಬದಿಂದ ಹಳೆಯ ಸೇನಾ ರೈಫಲ್ ಒಂದನ್ನು ಕೊಂಡೆ. ಅದರ ರಿಸೀವರ್ ಮೇಲೆ 'ಯು.ಎಸ್., ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ಮಾಡೆಲ್ 1903' ಎಂದು ಕೆತ್ತಿದೆ. ಕೆಳಗಿರುವ ಕ್ರಮಸಂಖ್ಯೆ 783ರಿಂದ ಆರಂಭವಾಗುವ ಆರಂಕಿ. ನಳಿಗೆಯ ಮುಂಭಾಗದಲ್ಲಿ 'ಎಸ್‌ಎ' ಮತ್ತು '9-42' ಎಂದಿದೆ. ಬೋಲ್ಟ್‌ನ ಹಿಡಿ ನೇರವಾಗಿ ಕೆಳಗಿಳಿದಿದೆ. ಲೋಹವೆಲ್ಲ ಹಸಿರು ಛಾಯೆಯ ಬೂದು ಬಣ್ಣ. ರಿಸೀವರ್‌ನ ಎಡಬದಿಯಲ್ಲಿ ಒಂದು ಸಣ್ಣ ರಂಧ್ರವಿದೆ, ಮರದ ಮೇಲೆ 'ಆರ್‌ಎ-ಪಿ' ಎಂಬ ಮುದ್ರೆಯಿದೆ. ಇದು 1942ರ ರೈಫಲ್ ಎಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಹೌದೇ? ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೆ ಕೊಡವ ಕುಟುಂಬಗಳು ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಟ್ಟುಕೊಂಡಿದ್ದೇವೆ. ಅದರಲ್ಲಿ ಇದನ್ನು ಬಳಸಬಹುದೇ? ಗೆಳೆಯರೊಬ್ಬರ ಬಳಿ ರೆಮಿಂಗ್ಟನ್ 03-ಎ3 ಇದೆ, ಸಂಖ್ಯೆ 39 ಲಕ್ಷದ ಆಸುಪಾಸು. ಅದಕ್ಕೂ ನನ್ನದಕ್ಕೂ ವ್ಯತ್ಯಾಸವೇನು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಕಣ್ಣಿನ ಪ್ರಶ್ನೆಯಿದೆ. ನಿಮ್ಮ ರೈಫಲ್ಲಿನಿಂದ ಗುಂಡು ಹಾರಿಸಬೇಡಿ. ತೆಂಗಿನಕಾಯಿಗೂ ಬೇಡ, ಒಂದೇ ಒಂದು ಸಲಕ್ಕೂ ಬೇಡ. ಗೆಳೆಯರ 03-ಎ3 ಬೇರೆ ಜಾತಿಯದು. ಅದನ್ನು ಪರೀಕ್ಷಿಸಿಕೊಂಡು ಬಳಸಬಹುದು.

ಇನ್ನು ಕಾಲನಿರ್ಣಯದ ವಿಷಯ. ಸೇನಾ ರೈಫಲ್ ಒಂದಕ್ಕೆ ಒಂದೇ ಹುಟ್ಟಿದ ದಿನ ಇರುತ್ತದೆ ಎಂದು ನಂಬಿದರೆ ದಾರಿ ತಪ್ಪುತ್ತದೆ. ಸೇನೆಯಲ್ಲಿ ಮೂವತ್ತು ನಲವತ್ತು ವರ್ಷ ಕಳೆದ ಬಂದೂಕಿನ ನಳಿಗೆ ಸವೆಯುತ್ತದೆ, ಮರ ಸೀಳುತ್ತದೆ, ಬೋಲ್ಟ್ ಬದಲಾಗುತ್ತದೆ. ಕೊನೆಯವರೆಗೂ ಉಳಿಯುವುದು ರಿಸೀವರ್ ಒಂದೇ. ನಳಿಗೆ ತಿರುಪಿಕೊಳ್ಳುವುದು ಅದರೊಳಕ್ಕೆ, ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಹಿಂದೆ ಮುಂದೆ ಓಡುವುದು ಅದರೊಳಗೆ, ತೋಟಾ ಸಿಡಿದಾಗ ಹಿಂದಕ್ಕೆ ನುಗ್ಗುವ ಒತ್ತಡವನ್ನು ತಡೆದು ನಿಲ್ಲುವುದೂ ಅದೇ. ಕಾನೂನಿನ ಲೆಕ್ಕದಲ್ಲಿಯೂ ರಿಸೀವರ್ ಇದ್ದರೆ ಮಾತ್ರ ಬಂದೂಕು. ಹಾಗಾಗಿ 'ಯಾವ ಕಾಲದ ರೈಫಲ್' ಎಂದು ಕೇಳಿದಾಗ ನಾನು ನೋಡುವುದು ರಿಸೀವರ್‌ನ ಕಾಲವನ್ನು. ಉಳಿದ ಭಾಗಗಳ ಕಾಲ ಅದರ ಜೀವನಚರಿತ್ರೆ ಹೇಳುತ್ತದೆ, ಹುಟ್ಟನ್ನಲ್ಲ.

ಭಾರತದಲ್ಲಿ ಎನ್‌ಸಿಸಿಯಲ್ಲೋ ಪೊಲೀಸ್ ಠಾಣೆಯಲ್ಲೋ ಹಳೆಯ ಪಾಯಿಂಟ್ 303 ನೋಡಿದವರಿಗೆ ಈ ಗೊಂದಲ ಸಹಜ. ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್‌ಗಳಲ್ಲಿ ಬೋಲ್ಟ್ ಹಿಡಿಯ ಹಿಂದೆ, ಮರದ ಹಿಂಭಾಗ ಸೇರುವ ಕಡೆ, ಕಾರ್ಖಾನೆಯ ಹೆಸರಿನ ಜೊತೆ ಇಸವಿಯನ್ನೂ ಒತ್ತಿರುತ್ತಾರೆ. ಬ್ರಿಟಿಷ್ ಪದ್ಧತಿಯದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಿಸೀವರ್ ಮೇಲೆ ಇಸವಿ ಇಲ್ಲ. 'ಮಾಡೆಲ್ 1903' ಎಂಬುದು ಮಾದರಿಯನ್ನು ಸೇನೆ ಒಪ್ಪಿಕೊಂಡ ವರ್ಷ, ತಯಾರಿಕೆಯ ವರ್ಷವಲ್ಲ. ತಿಂಗಳು ಮತ್ತು ಇಸವಿ ಸಿಗುವುದು ನಳಿಗೆಯ ಮೇಲೆ, ಗುರಿ ನೋಡುವ ಮುಂದಿನ ಸೈಟ್‌ನ ಹಿಂದೆ: ತಯಾರಕರ ಅಕ್ಷರಗಳು, ಉರಿಯುವ ಬಾಂಬಿನ ಚಿಹ್ನೆ, ಆಮೇಲೆ ತಿಂಗಳು-ವರ್ಷ. ನಿಮ್ಮ '9-42' ಹೇಳುತ್ತಿರುವುದು ಆ ನಳಿಗೆಯನ್ನು ಸ್ಪ್ರಿಂಗ್‌ಫೀಲ್ಡ್ ಆರ್ಮರಿ 1942ರ ಸೆಪ್ಟೆಂಬರ್‌ನಲ್ಲಿ ತಯಾರಿಸಿತು ಎಂದಷ್ಟೆ. ನಿಮ್ಮ ಗೆಳೆಯರು ನಳಿಗೆಯ ವಯಸ್ಸನ್ನು ಇಡೀ ಬಂದೂಕಿಗೆ ಹಚ್ಚಿದ್ದಾರೆ.

ರಿಸೀವರ್‌ನ ಕಾಲವನ್ನು ಕ್ರಮಸಂಖ್ಯೆಯಿಂದ ಕಂಡುಹಿಡಿಯಬೇಕು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಲೆಕ್ಕದಲ್ಲಿ 1907 ಮುಗಿಯುವ ಹೊತ್ತಿಗೆ ಸಂಖ್ಯೆ ಸುಮಾರು 3,37,000ಕ್ಕೆ ಬಂದಿತ್ತು, 1910ರ ಕೊನೆಗೆ ಸುಮಾರು 5,02,000ಕ್ಕೆ. ಅನಂತರ ಶಾಂತಿಕಾಲದ ನಿಧಾನ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಕಾರ್ಖಾನೆ ಹಗಲೂ ರಾತ್ರಿ ನಡೆಯಿತು. 1918ರ ಜನವರಿ ಹುಟ್ಟುವಾಗ ಸಂಖ್ಯೆ 7,61,000 ದಾಟಿತ್ತು. ಆ ವರ್ಷ ಮುಗಿಯುವಾಗ ಹತ್ತು ಲಕ್ಷವನ್ನೂ ದಾಟಿತು. ನಿಮ್ಮ 783 ಸಾವಿರದ ಸರಣಿ ಬೀಳುವುದು 1918ರ ಮೊದಲ ವಾರಗಳಲ್ಲಿ, ಜನವರಿಯ ಕೊನೆಯಿಂದ ಫೆಬ್ರುವರಿಯ ಆರಂಭದೊಳಗೆ.

ಎಚ್ಚರವಿರಲಿ, ಇಲಿನಾಯ್‌ನ ರಾಕ್ ಐಲೆಂಡ್ ಆರ್ಸೆನಲ್ ಕೂಡ ಇದೇ ಮಾದರಿಯನ್ನು ತಯಾರಿಸಿತು, ಮತ್ತು ಅದು ತನ್ನದೇ ಸಂಖ್ಯೆಗಳನ್ನು ಒಂದರಿಂದ ಎಣಿಸಿತು. ಹೀಗಾಗಿ ಒಂದೇ ಸಂಖ್ಯೆಯ ಎರಡು ರೈಫಲ್‌ಗಳು ಇರಬಹುದು. ಕಾರ್ಖಾನೆಯ ಹೆಸರನ್ನು ಓದದೆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇದೆಲ್ಲ ಕುತೂಹಲದ ಮಾತು. ಆದರೆ ನಿಮ್ಮ ವಿಷಯದಲ್ಲಿ ಈ ಕೆಲವೇ ವಾರಗಳ ಲೆಕ್ಕ ಕುತೂಹಲಕ್ಕಿಂತ ಬಹಳ ಮುಖ್ಯ. ಏಕೆಂದರೆ 1918ರ ಫೆಬ್ರುವರಿ 20ರಂದು ಸ್ಪ್ರಿಂಗ್‌ಫೀಲ್ಡ್ ತನ್ನ ರಿಸೀವರ್‌ಗಳ ಉಕ್ಕಿಗೆ ಹದ ಕೊಡುವ ವಿಧಾನವನ್ನೇ ಬದಲಿಸಿತು. ಆ ಗೆರೆಯ ಈಚೆಗಿನ ರಿಸೀವರ್ ಒಂದು ವಸ್ತು, ಆಚೆಗಿನದು ಇನ್ನೊಂದು. ಹೊರಗಿನಿಂದ ನೋಡಿದರೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಈ ಬದಲಾವಣೆ ಏಕೆ ಬಂತು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿರುವ ಲೋಹದ ತುಂಡಿನ ನಿಜವಾದ ಗುಟ್ಟು ಇರುವುದು ಅಲ್ಲಿಯೇ.

ಆಗಿನ ರಿಸೀವರ್ ತಯಾರಾಗುತ್ತಿದ್ದುದು ಕಡಿಮೆ ಇಂಗಾಲದ ಉಕ್ಕಿನಿಂದ. ಉಕ್ಕಿನ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಸಿ, ಯಂತ್ರದ ಸುತ್ತಿಗೆಯ ಕೆಳಗಿಟ್ಟು, ಅಚ್ಚಿನಲ್ಲಿ ಬಡಿದು ಆಕಾರ ಕೊಡುತ್ತಿದ್ದರು. ಆಮೇಲೆ ಕೊರೆದು, ಕೆತ್ತಿ, ಮೂಳೆಯ ಪುಡಿಯ ನಡುವೆ ಹೂತು, ಗಂಟೆಗಟ್ಟಲೆ ಕಾಸಿ ಎಣ್ಣೆಯಲ್ಲಿ ತಣಿಸುತ್ತಿದ್ದರು. ಮೂಳೆಯ ಇಂಗಾಲವು ಉಕ್ಕಿನ ಮೇಲ್ಮೈಗೆ ಇಳಿದು ಅದನ್ನು ಗಡುಸಾಗಿಸುತ್ತದೆ. ಒಳಗಿನ ಭಾಗ ಮೆದುವಾಗಿ ಉಳಿಯಬೇಕು. ಹೊರಗೆ ಗಡುಸು, ಒಳಗೆ ಜಿಗುಟು, ಇದು ಗುರಿ.

ಈ ಎಲ್ಲ ಹಂತಗಳಲ್ಲಿ ಶಾಖವನ್ನು ಅಳೆಯುತ್ತಿದ್ದುದು ಯಾವುದು? ಕಣ್ಣು. ಅನುಭವಿ ಕೆಲಸಗಾರನು ಕಾದ ಉಕ್ಕಿನ ಬಣ್ಣ ನೋಡಿ 'ಸಾಕು' ಎನ್ನುತ್ತಿದ್ದ. ದಶಕಗಳ ಕಾಲ ಹಾಗೆಯೇ ನಡೆದಿತ್ತು, ಮತ್ತು ನುರಿತ ಕಣ್ಣನ್ನು ಯಾರೂ ಪ್ರಶ್ನಿಸಿರಲಿಲ್ಲ. 1917ರ ಜುಲೈ ಸುಮಾರಿಗೆ, ಖಾಸಗಿ ಕಾರ್ಖಾನೆಯೊಂದರಲ್ಲಿ ತಯಾರಾದ ಹೊಸ ತೋಟಾಗಳನ್ನು ಪರೀಕ್ಷಿಸುವಾಗ ರೈಫಲ್‌ಗಳು ಒಡೆದವು. ತೋಟಾದ ಹಿತ್ತಾಳೆ ಕಳಪೆಯಾಗಿದ್ದುದು ನಿಜ. ಆದರೆ ರಿಸೀವರ್ ಒಡೆದ ರೀತಿಯನ್ನು ನೋಡಿದ ತಜ್ಞರಿಗೆ ಗಾಬರಿಯಾಯಿತು. ಒಳ್ಳೆಯ ಉಕ್ಕು ಉಬ್ಬಬೇಕು, ಬಾಗಬೇಕು, ಹರಿಯಬೇಕು. ಇದು ಚೂರುಚೂರಾಗಿತ್ತು. ಒಡೆದ ಮುಖದಲ್ಲಿ ದಪ್ಪ ಹರಳುಗಳು ಕಾಣುತ್ತಿದ್ದವು.

ಕಾರ್ಖಾನೆಯಲ್ಲಿ ಶಾಖಮಾಪಕಗಳನ್ನು ತಂದು ಅಳೆದಾಗ ಕಾರಣ ಸಿಕ್ಕಿತು. ಮೋಡ ಕವಿದ ದಿನ ಸರಿಯಾದ ಶಾಖವೆಂದು ಕಣ್ಣಿಗೆ ಕಂಡ ಬಣ್ಣವೇ, ಬಿಸಿಲು ಸುರಿಯುವ ದಿನ ಮಂಕಾಗಿ ಕಾಣುತ್ತಿತ್ತು. ಕೆಲಸಗಾರ ಇನ್ನೂ ಸ್ವಲ್ಪ ಕಾಯಲಿ ಎಂದು ಬಿಡುತ್ತಿದ್ದ. ಹಾಗೆ ಬಿಟ್ಟಾಗ ಉಕ್ಕು ಸರಿಯಾದ ಮಟ್ಟಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 165 ಡಿಗ್ರಿ ಸೆಲ್ಸಿಯಸ್‌ವರೆಗೆ, ಹೆಚ್ಚು ಕಾದಿರುತ್ತಿತ್ತು. ಅಷ್ಟು ಕಾದ ಉಕ್ಕಿನ ಹರಳುಗಳು ದಪ್ಪಗೆ ಬೆಳೆಯುತ್ತವೆ. ಮಿತಿಮೀರಿದರೆ ಹರಳುಗಳ ನಡುವಿನ ಅಂಚುಗಳೇ ಸುಡುತ್ತವೆ. ಇದನ್ನು 'ಸುಟ್ಟ ಉಕ್ಕು' ಎನ್ನುತ್ತಾರೆ. ಒಂದೇ ಕುಲುಮೆಯ ಮುಂದೆ ನಿಂತ ಅದೇ ಕೈ, ಅದೇ ಕಣ್ಣು, ಸೋಮವಾರ ಒಳ್ಳೆಯ ರಿಸೀವರ್ ಮಾಡಿ ಮಂಗಳವಾರ ಕೆಟ್ಟದ್ದನ್ನು ಮಾಡಿರಬಹುದು. ನಡುವೆ ಬದಲಾದದ್ದು ಆಕಾಶ ಮಾತ್ರ. ಲೋಹದ ಕೆಲಸದ ಇತಿಹಾಸದಲ್ಲಿ ನನ್ನನ್ನು ಇಷ್ಟು ಕಾಡಿದ ಸಂಗತಿ ಬೇರೆ ಇಲ್ಲ.

ಇಷ್ಟೆಲ್ಲ ಆದರೂ ಪ್ರತಿಯೊಂದು ರೈಫಲ್ಲನ್ನೂ ಕಾರ್ಖಾನೆಯಿಂದ ಹೊರಗೆ ಕಳುಹಿಸುವ ಮೊದಲು ಪರೀಕ್ಷಾ ತೋಟಾ ಹಾಕಿ ಹಾರಿಸುತ್ತಿದ್ದರು. ಸಾಮಾನ್ಯ ತೋಟಾದ ಒತ್ತಡ ಚದರ ಅಂಗುಲಕ್ಕೆ ಸುಮಾರು 50,000 ಪೌಂಡ್. ಪರೀಕ್ಷಾ ತೋಟಾದ್ದು 70,000. ಮುಂದೆ ಒಡೆದ ರಿಸೀವರ್‌ಗಳೆಲ್ಲ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವುಗಳೇ. ನೀವು ಕೊಡಗಿನವರು, ಒಡಿಕತ್ತಿಯನ್ನು ಬಲ್ಲವರು. ಹದ ಮೀರಿ ಗಡುಸಾದ ಕತ್ತಿ ಹತ್ತು ಬಿದಿರನ್ನು ಸೊಗಸಾಗಿ ಕಡಿದು, ಹನ್ನೊಂದನೆಯದರ ಗಂಟಿಗೆ ತಾಗಿದಾಗ ಚಕ್ಕೆ ಏಳುತ್ತದೆ. ಆ ಹತ್ತು ಕಡಿತಗಳು ಕತ್ತಿ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬಿರುಸು ಉಕ್ಕು ನೆಟ್ಟಗಿನ ಭಾರವನ್ನು ಹೊರುತ್ತದೆ, ಹಠಾತ್ ಹೊಡೆತವನ್ನು ತಾಳುವುದಿಲ್ಲ.

ಆ ಹಠಾತ್ ಹೊಡೆತ ಎಲ್ಲಿಂದ ಬರುತ್ತದೆ? ಈ ರೈಫಲ್ಲಿನ ವಿನ್ಯಾಸದಲ್ಲಿ ನಳಿಗೆಯ ಹಿಂಬದಿಯನ್ನು ಆಲಿಕೆಯ ಹಾಗೆ ಕೊರೆದಿದ್ದಾರೆ, ತೋಟಾ ಸಲೀಸಾಗಿ ಒಳಗೆ ಹೋಗಲಿ ಎಂದು. ಅದರಿಂದಾಗಿ ತೋಟಾದ ತಳದ ಸ್ವಲ್ಪ ಭಾಗಕ್ಕೆ ಸುತ್ತಲೂ ಉಕ್ಕಿನ ಆಸರೆ ಇರುವುದಿಲ್ಲ. ಹಿತ್ತಾಳೆ ಮೆದುವಾಗಿದ್ದರೆ, ಅಥವಾ ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ, ಅಥವಾ ಯುದ್ಧದಲ್ಲಿ ವಶಪಡಿಸಿಕೊಂಡ ದಪ್ಪ ಗುಂಡಿನ ಜರ್ಮನ್ ತೋಟಾವನ್ನು ತಪ್ಪಿ ತುಂಬಿದರೆ, ತೋಟಾದ ತಳ ಬಿರಿದು ಅನಿಲ ರಿಸೀವರ್‌ನೊಳಗೆ ಸ್ಫೋಟಿಸುತ್ತದೆ. ಒಳ್ಳೆಯ ರಿಸೀವರ್ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಸುಟ್ಟ ಉಕ್ಕಿನ ರಿಸೀವರ್ ಗುರಿ ನೋಡುತ್ತಿರುವವನ ಮುಖದ ಮುಂದೆ ಒಡೆಯುತ್ತದೆ.

ಅಮೆರಿಕದ ಸೇನೆಯ ಶಸ್ತ್ರಾಸ್ತ್ರ ವಿಭಾಗದ ಅಧಿಕಾರಿಯಾಗಿದ್ದ ಜೂಲಿಯನ್ ಹ್ಯಾಚರ್ ಅವರು 1917ರಿಂದ 1929ರವರೆಗಿನ ಅಪಘಾತಗಳ ದಾಖಲೆಯನ್ನು ಒಟ್ಟುಗೂಡಿಸಿದ್ದಾರೆ. ರಿಸೀವರ್ ಒಡೆದ 68 ಪ್ರಕರಣಗಳು ಅದರಲ್ಲಿವೆ. ಯಾರೂ ಸತ್ತಿಲ್ಲ. ಮೂವರು ಒಂದು ಕಣ್ಣನ್ನು ಕಳೆದುಕೊಂಡರು. ಹತ್ತು ಲಕ್ಷಕ್ಕೂ ಹೆಚ್ಚು ಹಳೆಯ ರಿಸೀವರ್‌ಗಳ ನಡುವೆ 68 ಎಂದರೆ ಬಹಳ ಸಣ್ಣ ಭಾಗ, ಅಷ್ಟಕ್ಕೇಕೆ ಹೆದರಬೇಕು ಎಂದು ವಾದಿಸುವವರು ಇಂದಿಗೂ ಇದ್ದಾರೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ಸೇನೆಗೆ ಅದು ಸರಾಸರಿಯ ಲೆಕ್ಕ. ರೈಫಲ್ಲನ್ನು ಕೆನ್ನೆಗೆ ಒತ್ತಿ ಹಿಡಿದವನಿಗೆ ಸರಾಸರಿಯಿಂದ ಏನೂ ಉಪಯೋಗವಿಲ್ಲ. ಮೇಲಾಗಿ ಅಂದು ಸೈನಿಕನ ಮುಂದೆ ಬೇರೆ ದಾರಿ ಇರಲಿಲ್ಲ. ನಿಮ್ಮ ಮುಂದೆ ಇದೆ.

ಹೊಸ ವಿಧಾನದಲ್ಲಿ ಶಾಖವನ್ನು ಮಾಪಕದಿಂದ ಅಳೆದರು, ಉಕ್ಕನ್ನು ಎರಡು ಸಲ ಕಾಸಿ ತಣಿಸಿದರು, ಕೊನೆಗೆ ಹದವಾಗಿ ಬಿಸಿ ಮಾಡಿ ಬಿರುಸುತನವನ್ನು ಇಳಿಸಿದರು. ಮೇಲ್ಮೈ ಗಡುಸು, ಒಳಗು ಗಟ್ಟಿ. ಹೀಗೆ ತಯಾರಾದವುಗಳಲ್ಲಿ ಬೋಲ್ಟ್ ಎಷ್ಟು ನಯವಾಗಿ ಜಾರುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದವರೇ ಬಲ್ಲರು. ರಾಕ್ ಐಲೆಂಡ್ 1918ರ ಮೇ 11ರಂದು, 2,85,507ನೆಯ ಸಂಖ್ಯೆಯಿಂದ, ಈ ಬದಲಾವಣೆಗೆ ಹೊರಳಿತು. ಅಲ್ಲಿ 3,19,921ರ ಸುಮಾರಿಗೆ ನಿಕ್ಕಲ್ ಬೆರೆತ ಉಕ್ಕೂ ಬಂತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಿಕ್ಕಲ್ ಉಕ್ಕು ಬಂದದ್ದು 1927ರಲ್ಲಿ, 12,75,767ರಿಂದ. ನಿಕ್ಕಲ್ ಉಕ್ಕಿನ ರಿಸೀವರ್ ಅತಿಯಾದ ಒತ್ತಡದಲ್ಲಿ ಚೂರಾಗದೆ ಹಿಗ್ಗುತ್ತದೆ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊದಲ ಬದಲಾವಣೆ ಎಷ್ಟನೆಯ ಸಂಖ್ಯೆಗೆ ಆಯಿತು? ನಿಮ್ಮ ರೈಫಲ್ಲಿನ ಭವಿಷ್ಯ ನಿಂತಿರುವುದು ಇದರ ಮೇಲೆ. '8,00,000' ಎಂದು ಎಲ್ಲರೂ ಹೇಳುತ್ತಾರೆ, ಎಲ್ಲ ಕಡೆಯೂ ಅದನ್ನೇ ಮುದ್ರಿಸುತ್ತಾರೆ. ಆದರೆ ಅದು ಕಾರ್ಖಾನೆ ಗುರುತು ಹಾಕಿಟ್ಟ ಸಂಖ್ಯೆಯಲ್ಲ. ಹೊಸ ವಿಧಾನ ಜಾರಿಗೆ ಬಂದಾಗ ತಯಾರಿಕೆ 7,50,000 ಮತ್ತು 8,00,000ದ ನಡುವೆ ಎಲ್ಲೋ ಇತ್ತು. ನಿಖರವಾದ ಸಂಖ್ಯೆಯನ್ನು ಯಾರೂ ಬರೆದಿಡಲಿಲ್ಲ. ಸುರಕ್ಷತೆಗಾಗಿ ಮೇಲಿನ ತುದಿಯನ್ನು ಗೆರೆಯಾಗಿ ಹಿಡಿದರು. ಇದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ದೊಡ್ಡ ಕಾರ್ಖಾನೆಯಲ್ಲಿ ರಿಸೀವರ್‌ಗಳು ಹುಟ್ಟಿದ ಅನುಕ್ರಮದಲ್ಲೇ ಸಾಲಾಗಿ ಮುಂದೆ ಹೋಗುವುದಿಲ್ಲ. ಡಬ್ಬಿಗಳಲ್ಲಿ ತುಂಬಿಟ್ಟವು ಕೆಳಗೆ ಉಳಿಯುತ್ತವೆ, ಮೇಲಿನವು ಮೊದಲು ಹೋಗುತ್ತವೆ. ಮುಂಚೆ ಬಡಿದ ರಿಸೀವರ್‌ಗೆ ತಡವಾಗಿ ಸಂಖ್ಯೆ ಬೀಳಬಹುದು.

ಅಂದರೆ ನಿಮ್ಮ 783 ಸಾವಿರದ ರಿಸೀವರ್ ಆ ಮಬ್ಬಿನ ನಡುವೆ ಇದೆ. ಅದು ಹೊಸ ವಿಧಾನದ್ದಾಗಿರಲು ಸಾಧ್ಯ. ಹಳೆಯದಾಗಿರಲು ಹೆಚ್ಚು ಸಾಧ್ಯ, ಏಕೆಂದರೆ ಪಟ್ಟಿಯ ಪ್ರಕಾರ ಅದರ ಸ್ಥಾನ ಫೆಬ್ರುವರಿ 20ಕ್ಕಿಂತ ಮುಂಚಿನದು. ಖಚಿತವಾಗಿ ತಿಳಿಯಬೇಕಾದರೆ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಡಬೇಕು, ಆಮೇಲೆ ರೈಫಲ್ಲೇ ಇರುವುದಿಲ್ಲ. ಸುತ್ತಿಗೆಯಿಂದ ಹೊಡೆದು ನೋಡುವ ಪರೀಕ್ಷೆಯ ಬಗ್ಗೆ ನಿಮಗೆ ಯಾರಾದರೂ ಹೇಳಬಹುದು. ಬಿರುಸಾದ ರಿಸೀವರ್ ಒಂದು ಏಟಿಗೆ ಒಡೆಯುವುದು ನಿಜ. ಒಡೆಯದಿದ್ದರೆ ಅದು ಆ ಏಟಿಗೆ ಒಡೆಯಲಿಲ್ಲ ಎಂದಷ್ಟೇ ತಿಳಿಯುತ್ತದೆ. ಮತ್ತೆ ಹದ ಹಾಕಿಸಿದರೆ ಸರಿಹೋಗುತ್ತದೆ ಎಂದು ಹೇಳುವವರನ್ನೂ ನಂಬಬೇಡಿ. ಹರಳಿನ ಅಂಚು ಸುಟ್ಟ ಉಕ್ಕನ್ನು ಮತ್ತೆ ಕಾಸಿ ತಣಿಸಿದರೆ ಅದು ಹಿಂದಿನ ಸ್ಥಿತಿಗೆ ಬರುವುದಿಲ್ಲ. ಅಮೆರಿಕದ ಸೇನೆ ಇದನ್ನು ಪ್ರಯತ್ನಿಸಿ ನೋಡಿ ಕೈಬಿಟ್ಟಿತು.

ಈಗ ನೀವು ಬರೆದ ಉಳಿದ ಗುರುತುಗಳನ್ನು ಓದೋಣ. ಒಂದೊಂದೂ ಒಂದೊಂದು ಕಾಲದ ಮಾತಾಡುತ್ತದೆ.

ಬೋಲ್ಟ್‌ನ ಹಿಡಿ ನೇರವಾಗಿ ಕೆಳಗಿಳಿದಿದೆ ಎಂದಿದ್ದೀರಿ. ಇದು ಬಹಳ ಮುಖ್ಯವಾದ ಗುರುತು, ನೀವು ಗಮನಿಸಿದ್ದು ಒಳ್ಳೆಯದಾಯಿತು. ಎರಡು ಸಲ ಹದ ಹಾಕಿದ ಬೋಲ್ಟ್‌ಗಳ ಹಿಡಿಯನ್ನು ತುಸು ಹಿಂದಕ್ಕೆ ಬಾಗಿಸಿದರು. ನಿಕ್ಕಲ್ ಉಕ್ಕಿನವುಗಳ ಹಿಡಿಯ ಬುಡದಲ್ಲಿ 'ಎನ್‌ಎಸ್' ಎಂಬ ಅಕ್ಷರಗಳಿರುತ್ತವೆ. ನೇರ ಹಿಡಿಯ ಬೋಲ್ಟ್ ಎಂದರೆ ಒಂದೇ ಸಲ ಹದ ಹಾಕಿದ ಹಳೆಯ ಬೋಲ್ಟ್. ಒತ್ತಡವನ್ನು ತಡೆಯುವ ಗುಬುಟುಗಳು ಇರುವುದು ಬೋಲ್ಟ್‌ನ ಮೇಲೆಯೇ. ಹೀಗಾಗಿ ರಿಸೀವರ್ ಸಂಶಯಾಸ್ಪದ, ಬೋಲ್ಟ್ ಖಂಡಿತವಾಗಿ ಹಳೆಯದು. ಈ ಬೋಲ್ಟ್‌ಗಳ ಮೇಲೆ ರಿಸೀವರ್‌ನ ಸಂಖ್ಯೆಯನ್ನು ಕಾರ್ಖಾನೆ ಹಾಕುತ್ತಿರಲಿಲ್ಲ. ಆದ್ದರಿಂದ ಅದು ಮೊದಲಿನಿಂದಲೂ ಇದೇ ರೈಫಲ್ಲಿನಲ್ಲಿತ್ತೋ ಆಮೇಲೆ ಬಂತೋ ಎಂದು ಹೇಳಲು ಬರುವುದಿಲ್ಲ.

ಹಸಿರು ಛಾಯೆಯ ಬೂದು ಬಣ್ಣ ಪಾರ್ಕರೈಸಿಂಗ್ ಎಂಬ ರಾಸಾಯನಿಕ ಲೇಪ, ತುಕ್ಕು ತಡೆಯುವಂಥದ್ದು. ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ರಿಸೀವರ್‌ಗಳು ಕಾರ್ಖಾನೆಯಿಂದ ಹೊರಬಂದಾಗ ಕಪ್ಪು-ನೀಲಿಯಾಗಿದ್ದವು. ಬೂದು ಲೇಪ ಬಳಕೆಗೆ ಬಂದದ್ದು 1918ರಿಂದ ಈಚೆಗೆ. ಲೋಹದ ಎಲ್ಲ ಭಾಗಗಳಲ್ಲಿಯೂ, 1942ರ ನಳಿಗೆಯಿಂದ ರಿಸೀವರ್‌ವರೆಗೆ, ಒಂದೇ ಬಣ್ಣವಿದ್ದರೆ ಎಲ್ಲವನ್ನೂ ಬಿಚ್ಚಿ ಒಟ್ಟಿಗೆ ಲೇಪಿಸಿದ್ದಾರೆ ಎಂದರ್ಥ.

ರಿಸೀವರ್‌ನ ಎಡಬದಿಯ ರಂಧ್ರ ತೋಟಾ ಬಿರಿದಾಗ ಅನಿಲ ಮುಖದ ಕಡೆಗೆ ಬಾರದೆ ಪಕ್ಕಕ್ಕೆ ಹೋಗಲಿ ಎಂದು ಮಾಡಿದ ದಾರಿ. ಹ್ಯಾಚರ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಅದು ಬಂದದ್ದು 1930ರ ದಶಕದ ನಡುವಿನಲ್ಲಿ. 1918ರ ರಿಸೀವರ್‌ನಲ್ಲಿ ಆ ರಂಧ್ರವಿದ್ದರೆ ಯಾವುದೋ ಶಸ್ತ್ರಾಗಾರದಲ್ಲಿ ಅನಂತರ ಕೊರೆದಿದ್ದಾರೆ. ರಂಧ್ರವಿದೆ, ಆದ್ದರಿಂದ ಸುರಕ್ಷಿತ ಎಂದು ಭಾವಿಸುವವರಿದ್ದಾರೆ. ಅದು ಅನಿಲಕ್ಕೆ ದಾರಿ ಮಾಡಿಕೊಡುತ್ತದೆ, ಉಕ್ಕಿನ ಹರಳನ್ನು ಬದಲಿಸುವುದಿಲ್ಲ.

ಮರದ ಮೇಲಿನ 'ಆರ್‌ಎ-ಪಿ' ನ್ಯೂಜೆರ್ಸಿಯ ರಾರಿಟನ್ ಆರ್ಸೆನಲ್‌ನಲ್ಲಿ ದುರಸ್ತಿಯಾದುದರ ಮುದ್ರೆ. ಎಲ್ಲವನ್ನೂ ಜೋಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 1918ರ ಆರಂಭದಲ್ಲಿ ರಿಸೀವರ್ ತಯಾರಾಯಿತು. ಮೊದಲ ನಳಿಗೆ ಎಷ್ಟು ಸವೆಯಿತೋ, ಯಾರ ಕೈಯಲ್ಲಿ ಸವೆಯಿತೋ, ಅದಕ್ಕೆ ಗುರುತಿಲ್ಲ. 1942ರ ಸೆಪ್ಟೆಂಬರ್‌ನ ಅನಂತರ ಹೊಸ ನಳಿಗೆ ಹಾಕಿ, ಲೇಪ ಬಳಿದು, ಮತ್ತೆ ಜೋಡಿಸಿದರು.

ಇಲ್ಲಿ ನಿಮಗೊಂದು ಸಂಶಯ ಬರಬಹುದು. ಹಳೆಯ ರಿಸೀವರ್‌ಗಳು ಅಪಾಯಕಾರಿ ಎಂದು ಸೇನೆಗೆ 1917ರಲ್ಲೇ ಗೊತ್ತಿದ್ದರೆ, 1942ರಲ್ಲಿ ಅವಕ್ಕೆ ಹೊಸ ನಳಿಗೆ ಏಕೆ ಹಾಕಿದರು? 1927ರಲ್ಲಿ ಒಂದು ಸಮಿತಿ ಅವುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಶಿಫಾರಸು ಮಾಡಿತ್ತು. ಶಸ್ತ್ರಾಸ್ತ್ರ ವಿಭಾಗದ ಜನರಲ್ ಸ್ಯಾಮ್ಯುಯೆಲ್ ಹಾಫ್ ಅವರು ಅದನ್ನು ಪೂರ್ತಿ ಒಪ್ಪಲಿಲ್ಲ. ಸೈನಿಕರ ಕೈಯಲ್ಲಿರುವವು ಇರಲಿ. ದುರಸ್ತಿಗೆ ಬಂದವನ್ನು ಮತ್ತೆ ಹಂಚದೆ ಯುದ್ಧಕಾಲದ ತುರ್ತಿಗೆಂದು ಬದಿಗಿಡಿ ಎಂದು ತೀರ್ಮಾನಿಸಿದರು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಆ ತುರ್ತು ಬಂದೇ ಬಂತು. ಹೊಸ ಗ್ಯಾರಂಡ್ ರೈಫಲ್‌ಗಳು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. 1942ರ ಆಗಸ್ಟ್‌ನಲ್ಲಿ ಗ್ವಾಡಲ್‌ಕೆನಾಲ್ ದ್ವೀಪಕ್ಕೆ ಇಳಿದ ಮೆರೀನ್ ಸೈನಿಕರು ಹಿಡಿದಿದ್ದುದು ಇದೇ 1903. ಹಾಗಾಗಿ ಬದಿಗಿಟ್ಟಿದ್ದ ರಿಸೀವರ್‌ಗಳೂ ಮತ್ತೆ ಹೊರಗೆ ಬಂದವು. ಯುದ್ಧದ ಅಗತ್ಯಕ್ಕೆ ಹಾಕಿದ ಆ ನಳಿಗೆಯನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಓದಬಾರದು. ಅಮೆರಿಕದಲ್ಲಿ ಹಳೆಯ ಸೇನಾ ರೈಫಲ್‌ಗಳನ್ನು ನಾಗರಿಕರಿಗೆ ಮಾರುವ ಸಿಎಂಪಿ ಸಂಸ್ಥೆಯೂ 8,00,000ಕ್ಕಿಂತ ಕೆಳಗಿನ ಸ್ಪ್ರಿಂಗ್‌ಫೀಲ್ಡ್ ಮತ್ತು 2,85,507ಕ್ಕಿಂತ ಕೆಳಗಿನ ರಾಕ್ ಐಲೆಂಡ್ ರೈಫಲ್‌ಗಳನ್ನು ಹಾರಿಸಬೇಡಿ ಎಂದೇ ಹೇಳುತ್ತದೆ.

ನಿಮ್ಮ ಗೆಳೆಯರ ರೈಫಲ್ಲಿಗೆ ಬರುತ್ತೇನೆ. ರೆಮಿಂಗ್ಟನ್ ಕಂಪನಿ ನ್ಯೂಯಾರ್ಕ್ ರಾಜ್ಯದ ಇಲಿಯನ್‌ನಲ್ಲಿ 1941ರಿಂದ ಈ ರೈಫಲ್‌ಗಳನ್ನು ತಯಾರಿಸಿತು, ಅದೂ ರಾಕ್ ಐಲೆಂಡ್‌ನಲ್ಲಿ 1919ರಿಂದ ಮೂಲೆಗೆ ಸೇರಿದ್ದ ಹಳೆಯ ಯಂತ್ರಗಳನ್ನು ತಂದು. ಸಂಖ್ಯೆಗಳು 30 ಲಕ್ಷದಿಂದ ಆರಂಭವಾದವು. 03-ಎ3 ಎಂಬುದು 1942ರಲ್ಲಿ ಬಂದ ಸರಳೀಕೃತ ರೂಪ: ಕೆತ್ತಿ ಮಾಡುತ್ತಿದ್ದ ಸಣ್ಣ ಭಾಗಗಳನ್ನು ತಗಡಿನಿಂದ ಒತ್ತಿ ಮಾಡಿದರು, ಹಿಂದಿನ ಸೈಟನ್ನು ನಳಿಗೆಯಿಂದ ತೆಗೆದು ರಿಸೀವರ್‌ನ ಹಿಂಭಾಗಕ್ಕೆ ತಂದರು. 39 ಲಕ್ಷದ ಸುಮಾರಿನದು 1943ರ ತಯಾರಿಕೆ. ಅದರ ನಳಿಗೆಯ ಮೇಲೆ 'ಆರ್‌ಎ' ಮತ್ತು 1943ರ ಯಾವುದಾದರೂ ತಿಂಗಳಿದ್ದರೆ ನಳಿಗೆ ಮೂಲದ್ದೇ ಆಗಿರುವ ಸಾಧ್ಯತೆ ಹೆಚ್ಚು. ನೋಡಲು ಒರಟು. ಗೀರುಗಳೂ ಯಂತ್ರದ ಗೆರೆಗಳೂ ಎದ್ದು ಕಾಣುತ್ತವೆ. ನಿಮ್ಮ ಸ್ಪ್ರಿಂಗ್‌ಫೀಲ್ಡ್‌ನ ಕೆಲಸಗಾರಿಕೆಯ ಮುಂದೆ ಬಡವನಂತೆ ತೋರುತ್ತದೆ. ಆದರೆ ಅದರ ಉಕ್ಕಿನ ಶಾಖವನ್ನು ಮಾಪಕ ನೋಡಿ ಅಳೆದಿದ್ದಾರೆ, ಮತ್ತು ಗುಂಡು ಹಾರಿಸುವಾಗ ನನಗೆ ಬೇಕಾದದ್ದು ಅದು.

ಆದರೂ ಅದನ್ನು ಬಲ್ಲ ಬಂದೂಕು ದುರಸ್ತಿಗಾರರಿಗೆ ಒಮ್ಮೆ ತೋರಿಸಿ. ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗವನ್ನು ಗೇಜ್ ಇಟ್ಟು ಅಳೆಯಬೇಕು. ಇನ್ನೊಂದು ಅಪಾಯವೂ ಇದೆ. ಕವಾಯತಿಗೆಂದು ಸೇನೆ ನಿಷ್ಕ್ರಿಯಗೊಳಿಸಿದ ಅಥವಾ ಗ್ಯಾಸಿನಿಂದ ತುಂಡರಿಸಿ ಗುಜರಿಗೆ ಹಾಕಿದ 03-ಎ3 ರಿಸೀವರ್‌ಗಳನ್ನು ಯುದ್ಧಾನಂತರ ಕೆಲವರು ಬೆಸುಗೆ ಹಾಕಿ ಮಾರಿದ್ದುಂಟು. ಮರವನ್ನು ಬಿಚ್ಚಿ, ರಿಸೀವರ್‌ನ ನಡುಭಾಗದಲ್ಲಿ ಬೆಸುಗೆಯ ಗೆರೆ, ಬಣ್ಣದ ವ್ಯತ್ಯಾಸ, ತುಸು ಸೊಟ್ಟಗಿನ ಅಂಚು ಇವೆಯೇ ಎಂದು ನೋಡಬೇಕು. ಬೋಲ್ಟ್ ನಡುವೆ ಎಲ್ಲೋ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಅದೂ ಒಂದು ಸುಳಿವು.

ಕೈಲ್ ಮುಹೂರ್ತದ ದಿನ ಎರಡನ್ನೂ ಪೂಜೆಗಿಡಿ. ಊರಿನಲ್ಲಿ ಮಾಡುವ ಹಾಗೆ ನಳಿಗೆಯ ಬಾಯಿಗೆ ಹೂ ಸಿಕ್ಕಿಸುವುದಾದರೆ, ಸ್ಪರ್ಧೆಗೆ ಹೊರಡುವ ಮೊದಲು 03-ಎ3ಯ ಬೋಲ್ಟ್ ತೆಗೆದು ನಳಿಗೆಯ ಈ ತುದಿಯಿಂದ ಆ ತುದಿಯವರೆಗೆ ಬೆಳಕು ಹಾಯಿಸಿ ನೋಡಿ. ಉಳಿದುಹೋದ ಒಂದು ತೊಟ್ಟೂ ಒಳ್ಳೆಯ ನಳಿಗೆಯನ್ನು ಸೀಳಬಲ್ಲದು.

ನಿಮ್ಮ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಏನನ್ನೂ ಬದಲಿಸಬೇಡಿ. ಲೇಪವನ್ನು ಉಜ್ಜಬೇಡಿ, ಮರವನ್ನು ಮರಳು ಕಾಗದದಿಂದ ತಿಕ್ಕಿ 'ಆರ್‌ಎ-ಪಿ' ಮುದ್ರೆಯನ್ನು ಅಳಿಸಬೇಡಿ, ಹೊಸ ಬೋಲ್ಟ್ ಹಾಕಿ 'ಸರಿ' ಮಾಡಲು ಹೋಗಬೇಡಿ. ಎರಡು ಮಹಾಯುದ್ಧಗಳ ಗುರುತುಗಳು ಒಂದೇ ಲೋಹದ ಮೇಲೆ ಕೂತಿರುವ ರೈಫಲ್ ಅದು, ಇದ್ದ ಹಾಗೆಯೇ ಅದಕ್ಕೆ ಬೆಲೆ. ಒಂದು ಚೀಟಿಯಲ್ಲಿ ಕ್ರಮಸಂಖ್ಯೆ, 'ರಿಸೀವರ್ 1918, ನಳಿಗೆ 1942, ಬೋಲ್ಟ್ ಒಂದು ಸಲ ಹದ ಹಾಕಿದ್ದು, ಹಾರಿಸಬಾರದು' ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಟ್ರಿಗರ್ ಗಾರ್ಡ್‌ಗೆ ದಾರದಿಂದ ಕಟ್ಟಿ. ನಿಮ್ಮ ಅನಂತರ ಅದು ಮಕ್ಕಳ ಕೈಗೋ ಬೇರೆಯವರ ಕೈಗೋ ಹೋಗುತ್ತದೆ. ನಳಿಗೆಯ ಮೇಲಿನ 1942ನ್ನು ಓದಿ ಅವರು ತೋಟಾ ತುಂಬಬಾರದು.